ಬನ್ನಿ ಕೊಟ್ಟ ದಿನದ ಮಾತು

ರಾಯದುರ್ಗ

ಚಿರಂಜೀವಿ ವಾಗೀಶನಿಗೆ,

ಕಾಗದವನ್ನು ಚಿರಂಜೀವಿ ಎಂದು ಶುರುಮಾಡುವುದು ನಮ್ಮ ಕಾಲದ ರೂಢಿ, ಹಾಗೇ ಬರೆದಿದ್ದೇನೆ. ಅಷ್ಟನ್ನೇ ಕತ್ತರಿಸಿ ನಿನ್ನ ಆಪಿನ ಜಾಹೀರಾತಿಗೆ ಅಂಟಿಸಿಕೊಳ್ಳಬೇಡ. ವಾಟ್ಸಪ್ ಇರುವಾಗ ಟೀಚರ್ ಅಂಚೆಗೆ ಯಾಕೆ ಹೋದರು ಎಂದು ನೀನು ನಗಬಹುದು. ನಗು. ನಿನಗೆ ಮೊಬೈಲಿನಲ್ಲಿ ಒಂದು ಮಾತು ಕಳಿಸಲು ನನಗೀಗ ಭಯವಾಗುತ್ತದೆ. ನಾನು ಬೈದರೂ ಅದರ ತಲೆ ಬಾಲ ತೆಗೆದು, ಹಿಂದೆ ಶಹನಾಯಿ ಹಾಕಿ, ಹೊಗಳಿಕೆ ಮಾಡಿಬಿಡುವ ಜನ ನಿನ್ನ ಹತ್ತಿರ ಇದ್ದಾರೆ. ಕಾಗದವಾದರೆ ನೀನೇ ಒಡೆದು ನೀನೇ ಓದಬೇಕು.

ನೀವೆಲ್ಲ ನನ್ನ ಬೆನ್ನ ಹಿಂದೆ ಅನುಮಾನದ ಅಂಬಮ್ಮ ಎನ್ನುತ್ತಿದ್ದಿರಿ. ನನಗೆ ಗೊತ್ತಿತ್ತು. ಹೊಟ್ಟೆನೋವೆಂದು ಚೀಟಿ ತಂದವನ ನಾಲಿಗೆ ನೋಡದೆ ನಾನು ಮನೆಗೆ ಬಿಟ್ಟವಳಲ್ಲ. ರಿಟೈರ್ ಆದಮೇಲೂ ಅದು ಹೋಗಿಲ್ಲ. ತರಕಾರಿಯವನ ತಕ್ಕಡಿ ಬಗ್ಗಿ ನೋಡುತ್ತೇನೆ, ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುತ್ತೇನೆ. ಅಂಥವಳು ಕೂಡ ವಿಜಯದಶಮಿಯ ಸಂಜೆ ನಿನ್ನೆದುರು ಬಾಯಿ ಮುಚ್ಚಿಕೊಂಡೆನಲ್ಲ, ಅದಕ್ಕೇ ಇವತ್ತು ಈ ಕಾಗದ ಬರೆಯುತ್ತಿದ್ದೇನೆ.

ನೀನು ಅಂದು ಬನ್ನಿ ಕೊಡಲು ಬಂದೆ. ಮಡಕಶಿರದಿಂದ ಅಷ್ಟು ದೂರ ಬಂದಿದ್ದಾನೆ, ಮರೆತಿಲ್ಲ ಎಂದು ಖುಷಿಯಾಯಿತು. ಜೊತೆಗೆ ಗೋವರ್ಧನ್ ಎಂಬ ಪಾಲುದಾರನಿದ್ದ. ನೀನು ಬನ್ನಿ ಎಲೆ ನನ್ನ ಕೈಗಿಟ್ಟು, ಬಂಗಾರದಂಗೆ ಇರೋಣ ಎಂದು ಕಾಲಿಗೆ ಬಗ್ಗಿದೆ. ಅವನು ಮಾತ್ರ ಬಗ್ಗಲಿಲ್ಲ, ಮೊಬೈಲನ್ನು ಎದೆಗೆ ಆನಿಸಿಕೊಂಡು ನಿಂತಿದ್ದ. ಹಬ್ಬಕ್ಕೆ ಬಂದವನು ಹೀಗೆ ಯಾಕೆ ನಿಂತಿದ್ದಾನೆ ಎಂದು ನನಗೆ ಆಗಲೇ ಅನ್ನಿಸಿತು. ನೆನಪಿಗೆ ಇರಲಿ ಅಂತ ವಿಡಿಯೊ ತೆಗೀತಿದ್ದಾನೆ ಮೇಡಂ ಎಂದೆ ನೀನು. ಗಡಿ ಊರುಗಳ ಕನ್ನಡ ಮೀಡಿಯಂ ಮಕ್ಕಳಿಗೆ ಮೊಬೈಲಿನಲ್ಲೇ ಹತ್ತನೇ ಕ್ಲಾಸಿನ ಪಾಠ ಕೊಡುವ ಆಪ್ ಶುರುಮಾಡಿದ್ದೇನೆ, ಬೆಂಗಳೂರಿನ ಕಂಪನಿಯ ಪಾಠಗಳು, ನಾನು ಈ ಕಡೆಯ ಊರುಗಳಿಗೆ ಮುಟ್ಟಿಸುವವನು ಎಂದು ಹೇಳಿದೆ. ಬೇರೆ ದಿನವಾಗಿದ್ದರೆ ಪಾಠ ತೋರಿಸು, ಯಾರು ಮಾಡಿದ್ದು, ಯಾವ ಪುಸ್ತಕ ನೋಡಿ ಮಾಡಿದ್ದು ಎಂದು ನಿನ್ನನ್ನು ಗೋಡೆಗೆ ನಿಲ್ಲಿಸುತ್ತಿದ್ದೆ. ಆದರೆ ಬನ್ನಿ ಕೊಟ್ಟವರಿಗೆ ಒಳ್ಳೆಯ ಮಾತು ಬಿಟ್ಟು ಬೇರೆ ಆಡುವಂತಿಲ್ಲ. ಜಗಳವಾಡಿ ಮಾತು ಬಿಟ್ಟವರು ಕೂಡ ಆ ಸಂಜೆ ಬನ್ನಿ ಹಿಡಿದು ಬಂದರೆ ನಕ್ಕು ಒಳಗೆ ಕರೆಯುತ್ತೇವೆ. ನಾನೂ ನಿನ್ನ ತಲೆ ಮುಟ್ಟಿ, "ಒಳ್ಳೇದಾಗ್ಲಪ್ಪ ವಾಗೀಶ, ನಮ್ಮ ಮಕ್ಕಳೆಲ್ಲ ನಿನ್ನ ಕಡೆ ಓದಿ ಪಾಸಾಗ್ಲಿ" ಎಂದೆ. ಹಬ್ಬದ ದಿನ ಯಾರಿಗಾದರೂ ಹೇಳುವ ಮಾತು ಅದು.

ದೀಪಾವಳಿಯ ಹೊತ್ತಿಗೆ ಆ ಮಾತು ಊರೂರು ತಿರುಗಿತು. ಬೊಮ್ಮನಹಾಳಿನವರು ಕಳಿಸಿದರು, ಓಬಳಾಪುರದವರು ಕಳಿಸಿದರು, ಫೇಸ್‌ಬುಕ್ಕಿನಲ್ಲೂ ಬಂದಿದೆ ಎಂದರು. ನೋಡಿದರೆ ನಾನೇ. ಬನ್ನಿ ಎಲೆ ಕಾಣುವುದಿಲ್ಲ, ನಿನ್ನ ಬಗ್ಗಿದ ಬೆನ್ನು ಕಾಣುವುದಿಲ್ಲ. ನನ್ನ ಮುಖ, ನನ್ನ ದನಿ, ಕೆಳಗೆ ಓಡುವ ಅಕ್ಷರ: ಕನ್ನಡ ಶಾಲೆಯ ಹಿರಿಯ ಶಿಕ್ಷಕಿ ಅಂಬಮ್ಮನವರ ಆಯ್ಕೆ. ಯಾವ ಆಯ್ಕೆ ಮಾರಾಯ? ನಿನ್ನ ಆಪಿನ ಒಂದು ಪಾಠವನ್ನೂ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಫೋನ್ ಮಾಡಿದರೆ, ಎಲ್ಲ ಮಕ್ಕಳ ಒಳ್ಳೆಯದಕ್ಕೇ ಅಲ್ವಾ ಮೇಡಂ ಎಂದು ಸಕ್ಕರೆ ಸುರಿದೆ. ನಾನೂ ಒಳಗೊಳಗೇ ಸ್ವಲ್ಪ ಹಿಗ್ಗಿದ್ದೆ, ಸುಳ್ಳು ಯಾಕೆ ಹೇಳಲಿ. ವಿಡಿಯೊ ತೆಗೆಸು ಎನ್ನದೆ ಫೋನ್ ಇಟ್ಟೆ.

ಈಗ ಲಲಿತಾಳ ವಿಷಯಕ್ಕೆ ಬರುತ್ತೇನೆ. ನಿನಗೆ ಅವಳು ಗೊತ್ತಿಲ್ಲ, ನಿನ್ನ ಆಪಿನ ವಾಟ್ಸಪ್ ಗುಂಪಿನಲ್ಲಿ ಒಂದು ನಂಬರು ಅಷ್ಟೆ. ಕುರಿ ಸಾಕುವ ಓಬಯ್ಯ-ನಾಗಕ್ಕ ದಂಪತಿಯ ಮಗಳು, ಈ ವರ್ಷ ಹತ್ತನೇ ಕ್ಲಾಸು. ಬೆಳೆ ಕೊಯ್ಲಾದ ಮೇಲೆ ಅವರು ಹಿಂಡು ಹೊಡೆದುಕೊಂಡು ಹೊರಡುತ್ತಾರೆ, ಕಾಲುವೆ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರೆ. ಇಷ್ಟು ವರ್ಷ ಹುಡುಗಿ ಅಜ್ಜಿಯ ಹತ್ತಿರ ಇದ್ದು ಶಾಲೆಗೆ ಹೋಗುತ್ತಿದ್ದಳು. ಈ ವರ್ಷ ಅಜ್ಜಿ ಇಲ್ಲ. ಹಾಸ್ಟೆಲ್ಲಿಗೆ ಸೇರಿಸಿ ಎಂದು ನಾನೇ ಹಿಂದೆ ಬಿದ್ದು ಇಬ್ಬರನ್ನೂ ಒಪ್ಪಿಸಿದ್ದೆ, ಟ್ರಂಕು ಕೂಡ ಕೊಂಡಿದ್ದರು. ಅಷ್ಟರಲ್ಲಿ ನಿನ್ನ ವಿಡಿಯೊ ಬಂತು. ಬೆಳೆದ ಹುಡುಗಿಯನ್ನು ಕಣ್ಣಿಂದ ದೂರ ಬಿಡಲು ನಾಗಕ್ಕನಿಗೆ ಮೊದಲೇ ಮನಸ್ಸಿರಲಿಲ್ಲ. ಟೀಚರಮ್ಮನೇ ಮೊಬೈಲಿನಲ್ಲಿ ಓದಲಿ ಎನ್ನುತ್ತಿದ್ದಾರೆ ಎಂದು ಹೇಳಿ ಮಗಳನ್ನು ಹಿಂಡಿನ ಜೊತೆ ಕರೆದುಕೊಂಡು ಹೋದಳು. ಪುಸ್ತಕದ ಗಂಟು ಯಾಕೆ ಹೊರಬೇಕು, ಎಲ್ಲ ಮೊಬೈಲಿನಲ್ಲೇ ಇದೆಯಲ್ಲ ಎಂದು ಪುಸ್ತಕಗಳನ್ನು ಮನೆಯಲ್ಲೇ ಬಿಟ್ಟರು.

ಆ ಹುಡುಗಿ ಓದಿಲ್ಲ ಎಂದುಕೊಳ್ಳಬೇಡ. ಕುರಿ ಮೇಯುವಾಗ ಕಿವಿಗೆ ವೈರು ಸಿಕ್ಕಿಸಿಕೊಂಡು ಪಾಠ ಕೇಳಿದ್ದಾಳೆ. ಚಾರ್ಜಿಗೆಂದು ಗದ್ದೆಯ ಸಾಹುಕಾರರ ಮೋಟರ್ ಮನೆಗೆ ನಡೆದಿದ್ದಾಳೆ. ಸಿಗ್ನಲ್ ಸಿಗುವ ದಿಬ್ಬ ಹುಡುಕಿ ಹತ್ತಿದ್ದಾಳೆ. ಸಂಕ್ರಾಂತಿ ಕಳೆದ ಮೇಲೆ ಹಿಂಡು ನೇಮಕಲ್ಲಿನ ಹತ್ತಿರ ಬಂದಿತ್ತು. ತಾಯಿ ಮಗಳು ರಾಯದುರ್ಗಕ್ಕೆ ಸಾಮಾನಿಗೆ ಬಂದವರು ನನ್ನ ಮನೆಗೂ ಬಂದರು. ಸಮಾಜ ಪೂರ್ತಿ ಮುಗಿಸಿದ್ದೇನೆ, ಕನ್ನಡ ಪದ್ಯಗಳೆಲ್ಲ ಬಾಯಿಪಾಠ ಎಂದು ಹುಡುಗಿ ಕುಣಿಯುತ್ತಿದ್ದಳು. ನಾನು ಕೇಳದೆ ಬಿಡುತ್ತೇನೆಯೇ? ನಮ್ಮ ಪುಸ್ತಕದ ಒಂದು ಪಾಠ ಕೇಳಿದೆ. ಗೊತ್ತಿಲ್ಲ ಎಂದಳು. ಇನ್ನೊಂದು ಕೇಳಿದೆ, ಅದೂ ಗೊತ್ತಿಲ್ಲ. ನೀನೇ ಯಾವುದಾದರೂ ಹೇಳು ಎಂದೆ. ನೀರು ಹರಿದಂತೆ ಹೇಳಿದಳು, ಒಂದಕ್ಷರ ತಪ್ಪಿಲ್ಲದೆ. ಅವಳು ಹೇಳಿದ ಪದ್ಯವೂ ಪಾಠವೂ ನಮ್ಮ ಆಂಧ್ರದ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅವಳು ಓದಿದ್ದು ಕರ್ನಾಟಕದ ಹತ್ತನೇ ಕ್ಲಾಸು.

ಮೊಬೈಲು ಇಸಿದುಕೊಂಡು ಕೂತು ಎಲ್ಲ ನೋಡಿದೆ. ಲೆಕ್ಕ, ವಿಜ್ಞಾನ ಹೆಚ್ಚುಕಡಿಮೆ ಹೊಂದುತ್ತವೆ, ಅದಕ್ಕೇ ಯಾರಿಗೂ ಅನುಮಾನ ಬಂದಿಲ್ಲ. ಸಮಾಜ ನಮ್ಮದಲ್ಲ, ಕನ್ನಡ ನಮ್ಮದಲ್ಲ. ನಮ್ಮ ಮಕ್ಕಳು ಬರೆಯಲೇಬೇಕಾದ ತೆಲುಗು ಅಲ್ಲಿ ಹೆಸರಿಗೂ ಇಲ್ಲ. ಕನ್ನಡದಲ್ಲಿ ಮಾತಾಡಿದರೆ ನಮ್ಮ ಪಾಠವೇ ಎಂದು ನಂಬುವ ಜನ ನಾವು. ಗಡಿಯ ಈಚೆ ಕನ್ನಡ ಕೇಳಿಸಿದರೆ ಸಾಕು, ಕರೆದು ಮಣೆ ಹಾಕುತ್ತೇವೆ. ಹುಡುಗಿ ತಾಯಿಗಿಂತ ಮೊದಲೇ ಅರ್ಥ ಮಾಡಿಕೊಂಡಳು. "ಹಂಗಾರ ನಾನು ಓದಿದ್ದು ಯಾರ ಪಾಠ್ರೀ ಟೀಚರ್?" ಎಂದು ಕೇಳಿದಳು. ನಾಗಕ್ಕ ನನ್ನ ಮೇಲೆ ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. "ನಿಮ್ ದನಿ ಕೇಳಿದ ಮ್ಯಾಲೆ ಇನ್ನೇನ್ ಕೇಳಾದೈತ್ರಿ ಅಂದ್ಕಂಡ್ವಿ" ಎಂದಳು, ಅಷ್ಟೇ. ನಾನು ಅವರಿಗೆ ಟೀ ಮಾಡಿಕೊಡಲು ಒಳಗೆ ಹೋದವಳು ಒಲೆ ಹಚ್ಚುವುದನ್ನೇ ಮರೆತು ನಿಂತಿದ್ದೆ.

ಅವತ್ತೇ ನಿನಗೆ ಫೋನ್ ಮಾಡಿದೆ. ಪಾಠ ಮಾಡುವವರು ಬೇರೆ ಮೇಡಂ, ನಾನು ಬರೀ ಮಾರ್ಕೆಟಿಂಗ್, ಮೇಲಿನವರಿಗೆ ಹೇಳ್ತೀನಿ, ಅಪ್‌ಡೇಟ್ ಬರುತ್ತೆ ಎಂದೆ. ಆಮೇಲೆ ನೀನು ಫೋನ್ ಎತ್ತಿಲ್ಲ. ಎರಡು ಸಲ ಕೈಮುಗಿಯುವ ಚಿತ್ರ ಕಳಿಸಿದೆ. ಅಪ್‌ಡೇಟ್ ಬಂದದ್ದು ನಿಜ, ನನ್ನ ವಿಡಿಯೊಗೆ! ಬಣ್ಣ ಹೆಚ್ಚಿಸಿ, ಪರೀಕ್ಷೆ ಹತ್ತಿರ ಬಂತು ಬೇಗ ಸೇರಿ ಎಂದು ಬರೆದು ಮತ್ತೆ ಬಿಟ್ಟಿದ್ದೀರಿ.

ಅದಕ್ಕೇ ಕೂತು ನಿನ್ನ ಜಾಹೀರಾತುಗಳನ್ನೆಲ್ಲ ಹಳೆಯ ಕನ್ನಡಕ ಹಾಕಿಕೊಂಡು ನೋಡಿದೆ. ಗಡಿನಾಡ ಕನ್ನಡ ಮಕ್ಕಳಿಗೆ ಎಂದಿದೆ. ಆಂಧ್ರ ಎಂದಿಲ್ಲ, ಕರ್ನಾಟಕ ಎಂದೂ ಇಲ್ಲ. ಒಂದು ಕಡೆಯೂ ಇಲ್ಲ ವಾಗೀಶ. ಮರೆತು ಬಿಟ್ಟಿದ್ದೋ, ಎರಡೂ ಕಡೆಯವರು ತಮ್ಮದೇ ಎಂದುಕೊಳ್ಳಲಿ ಎಂದು ಬಿಟ್ಟಿದ್ದೋ? ಮರೆತವರು ಇಷ್ಟು ಅಚ್ಚುಕಟ್ಟಾಗಿ ಎಲ್ಲ ಕಡೆ ಮರೆಯುವುದಿಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ.

ಬೆಂಗಳೂರಿನ ಕಂಪನಿಯವರಿಗೆ ಗೊತ್ತಿಲ್ಲದೆ ಇರಬಹುದು. ರಾಯದುರ್ಗದಲ್ಲಿ ಕನ್ನಡ ಶಾಲೆ ಇದೆ ಎಂಬುದೇ ಅವರಿಗೆ ಹೊಸ ಸುದ್ದಿ ಇರಬಹುದು. ನಿನಗೆ? ನೀನು ಹತ್ತನೇ ಕ್ಲಾಸಿನಲ್ಲಿ ಬಳ್ಳಾರಿಯಿಂದ ಗೈಡು ತರಿಸಿಕೊಂಡವನು. ನಮ್ಮ ಕಡೆ ಕನ್ನಡದ ಗೈಡು ಸಿಗುವುದಿಲ್ಲವೆಂದು ನಿನ್ನ ಅಪ್ಪ ಸಣ್ಣಬಸಪ್ಪನವರು ಅಂಗಡಿಗೆ ಬಟ್ಟೆ ತರಲು ಹೋದಾಗ ತಂದುಕೊಟ್ಟರು. ಅದನ್ನೇ ಉರುಹೊಡೆದು ಅರ್ಧವಾರ್ಷಿಕ ಪರೀಕ್ಷೆಗೆ ಕೂತೆ, ಸಮಾಜದಲ್ಲಿ ಮುಗ್ಗರಿಸಿದೆ. ನಿನ್ನ ಅಪ್ಪ ಶಾಲೆಗೆ ಬಂದು, ಹುಡುಗ ಇಡೀ ಗೈಡು ಹೇಳ್ತಾನ್ರಿ, ನೀವು ನಂಬರ್ ಯಾಕ ಹಾಕಿಲ್ಲ ಎಂದು ನನ್ನ ಜೊತೆ ಜಗಳಕ್ಕೆ ನಿಂತರು. ಆ ಗೈಡನ್ನೂ ನಮ್ಮ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು, ಗೈಡು ಕರ್ನಾಟಕದ್ದು ಎಂದು ತೋರಿಸಿದೆ. ನೀನು ಅಲ್ಲೇ ಬಾಗಿಲ ಹತ್ತಿರ ನಿಂತು ಅಳುತ್ತಿದ್ದೆ. ಈ ಜಗತ್ತಿನಲ್ಲಿ ಈ ತಪ್ಪನ್ನು ಅನುಭವಿಸಿ ಕಲಿತವನು ಯಾರಾದರೂ ಇದ್ದರೆ ಅದು ನೀನು. ಆ ನೀನೇ ಅದೇ ಗೈಡನ್ನು ಲಲಿತಾಳ ಕೈಗಿಟ್ಟೆಯಾ?

ಮೊಬೈಲು ಕೆಟ್ಟದ್ದು ಎಂದು ಹೇಳುವ ಮುದುಕಿ ನಾನಲ್ಲ. ಈಗ ಅದೇ ಮೊಬೈಲಿಗೆ ನಾನು ದಿನಾ ಪಾಠ ಓದಿ ಕಳಿಸುತ್ತಿದ್ದೇನೆ. ಶಾಲೆಯಲ್ಲಿ ಸಮಾಜ ಹೇಳುವ ಉಷಾ ಟೀಚರ್ ಪ್ರಶ್ನೆಗಳನ್ನು ಕಳಿಸುತ್ತಾಳೆ. ಓಬಯ್ಯ ಊರಿಗೆ ಹೋಗಿ ಪುಸ್ತಕಗಳನ್ನು ತಂದುಕೊಟ್ಟಿದ್ದಾನೆ. ಮಧ್ಯಾಹ್ನ ಕುರಿ ನೆರಳಿಗೆ ಬಂದಾಗ ಲಲಿತಾ ಓದಿ ಒಪ್ಪಿಸುತ್ತಾಳೆ, ಹಿಂದೆ ಮರಿಗಳ ಅರಚಾಟ ಕೇಳುತ್ತದೆ. ಪಾಸಾಗುತ್ತಾಳೋ ಇಲ್ಲವೋ ಹೇಳಲಾರೆ. ದಿನ ಕಡಿಮೆ ಇದೆ. ಪಾಸಾಗದಿದ್ದರೆ ಮದುವೆ ಮಾಡುತ್ತೇನೆ ಎಂದು ಓಬಯ್ಯ ಹೇಳಿಬಿಟ್ಟಿದ್ದಾನೆ.

ಅವಳೊಬ್ಬಳು ಹೇಗೋ ನನಗೆ ಸಿಕ್ಕಳು. ಉಳಿದವರು? ಬೊಮ್ಮನಹಾಳಿನಲ್ಲಿ, ಡಿ. ಹಿರೇಹಾಳಿನಲ್ಲಿ, ನಿನ್ನ ಮಡಕಶಿರದ ಹಳ್ಳಿಗಳಲ್ಲಿ ನನ್ನ ದನಿ ಕೇಳಿ ಸೇರಿದ ಮಕ್ಕಳು ಯಾರು, ಎಲ್ಲಿದ್ದಾರೆ, ನನಗೆ ಗೊತ್ತಿಲ್ಲ. ಅವರ ನಂಬರು ಇರುವುದು ನಿನ್ನ ಹತ್ತಿರ ಮಾತ್ರ. ನಿನ್ನ ಗುಂಪಿನಲ್ಲಿ ನೀನೊಬ್ಬನೇ ಮಾತಾಡಬಹುದು, ಉಳಿದವರು ಕೇಳಬೇಕು, ಹಾಗೆ ಬೀಗ ಹಾಕಿದ್ದೀಯ. ಆದ್ದರಿಂದ ಹೇಳಬೇಕಾದವನು ನೀನೇ. ಶಹನಾಯಿ ಬೇಡ, ನನ್ನ ಮುಖ ಬೇಡ. ನಿನ್ನ ಮುಖ ತೋರಿಸಿ, ನಿನ್ನ ಬಾಯಿಂದ ಹೇಳು: ಈ ಸಮಾಜ, ಈ ಕನ್ನಡ ನಿಮ್ಮ ಪರೀಕ್ಷೆಯದಲ್ಲ, ನಿಮ್ಮ ಶಾಲೆಯ ಪುಸ್ತಕ ತೆಗೆಯಿರಿ, ತೆಲುಗು ಬಿಡಬೇಡಿ. ಕನ್ನಡದಲ್ಲೂ ಹೇಳು, ತೆಲುಗಿನಲ್ಲೂ ಹೇಳು, ತಂದೆತಾಯಿಗೂ ತಿಳಿಯಲಿ. ನಿನ್ನ ಕಂಪನಿ ಕೆಲಸ ಬಿಡಿಸಬಹುದು, ಗೋವರ್ಧನ್ ಕೂಗಾಡಬಹುದು. ಆಗಲಿ. ಗುಂಪನ್ನು ಅಳಿಸಬೇಡ ಎಂದು ಲಲಿತಾಳಿಗೆ ಹೇಳಿದ್ದೇನೆ. ಏನಾದರೂ ಬಂತೇ ಎಂದು ದಿನಾ ಕೇಳುತ್ತೇನೆ. ಇನ್ನೂ ಇಲ್ಲ ಟೀಚರ್ ಎನ್ನುತ್ತಾಳೆ.

ನಿನಗೆ ಗೊತ್ತಿತ್ತೋ ಇಲ್ಲವೋ, ಈ ಒಂದು ಪ್ರಶ್ನೆ ನನ್ನನ್ನು ತಿನ್ನುತ್ತಿದೆ ಕಣೋ. ಜನ್ಮವಿಡೀ ಎಲ್ಲರನ್ನೂ ಕೆದಕಿ ಕೇಳಿದವಳು ನಾನು, ನಿನ್ನನ್ನೂ ಕೇಳಬೇಕು ಎನ್ನಿಸುತ್ತದೆ. ಕೇಳುವುದಿಲ್ಲ. ಮೊದಲು ಆ ಮಕ್ಕಳಿಗೆ ಹೇಳು. ಆಮೇಲೆ ನನ್ನ ಮನೆಗೆ ಬಂದು ನನಗೆ ಗೊತ್ತಿರಲಿಲ್ಲ ಟೀಚರ್ ಎಂದು ಒಂದು ಮಾತು ಹೇಳು. ನಿನ್ನ ನಾಲಿಗೆ ನೋಡದೆ ನಂಬುತ್ತೇನೆ.

ದೇವರು ನಿನಗೆ ಧೈರ್ಯ ಕೊಡಲಿ. ಬುದ್ಧಿ ಮೊದಲಿಂದಲೂ ಇದೆ.

ಇಂತಿ,
ನಿನ್ನ ಟೀಚರ್
ಅಂಬಮ್ಮ