ಮೀಸಲು ಅಡುಗೆಯ ಫೋಟೋ

ಬೊರಿವಲಿ,
೮ ಜನವರಿ ೨೦೨೫, ಬುಧವಾರ ಬೆಳಿಗ್ಗೆ

ಪ್ರೀತಿಯ ದಾನೇಶ್ವರಿ,

ನಾವೆಲ್ಲ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇವೆ ಎಂಬ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಮನೆಯಲ್ಲಿ ಯಾರಿಗೂ ಜ್ವರವಿಲ್ಲ, ನೆಗಡಿಯಿಲ್ಲ. ನಮ್ಮವರು ದಿನಾ ವಾಕಿಂಗಿನ ನೆವದಲ್ಲಿ ಹೋಗಿ ವಡಾಪಾವ್ ತಿಂದು ಬಂದು, ಎರಡು ಕಿಲೋಮೀಟರು ನಡೆದೆ ಅಂತ ಸುಳ್ಳು ಹೇಳುತ್ತಾರೆ. ಆದರೆ ನನಗೆ ಒಂದು ವಾರದಿಂದ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ. ತಟ್ಟೆ ಕಂಡರೆ ವಾಕರಿಕೆ ಬರುತ್ತದೆ.

ಫೋನು ಬಿಟ್ಟು ಪತ್ರ ಯಾಕೆ ಅನ್ನುತ್ತೀಯೇನೋ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. 'ಹೋಗ್ಲಿ ಬಿಡವಾ' ಅಂತ ಸಮಾಧಾನ ಹೇಳುತ್ತೀ. ಇಪ್ಪತ್ತೆರಡು ವರ್ಷ ಗ್ರಾಂಟ್ ರೋಡ್ ಆಫೀಸಿಗೆ ಒಂದೇ ಲೋಕಲ್‌ನಲ್ಲಿ, ಒಂದೇ ಸೀಟಿನಲ್ಲಿ ಅವರೆಕಾಯಿ ಸುಲಿಯುತ್ತ ಹೋದವರು ನಾವು, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಈ ಸಲ ನನಗೆ ಸಮಾಧಾನ ಬೇಡ. ಪೂರ್ತಿ ಓದು, ಸಾಕು.

ಎಳ್ಳಮವಾಸ್ಯೆಯ ದಿನ ನಮ್ಮ ಗೆಳತಿಯರ ಫೋನಿನ ಗುಂಪಿನಲ್ಲಿ ವಿಜೇತಾ ಹಾಕಿದ ಫೋಟೋಕ್ಕೆ ನೀನು ಧಾರವಾಡದಿಂದ ಏಳು ಹೃದಯ ಕಳಿಸಿದೆ. ಬಾಳೆ ಎಲೆಯ ಮೇಲೆ ಸಜ್ಜಿ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಹಿಂದೆ ಹೊಗೆಯಾಡುವ ಅನ್ನ. 'ನನ್ನನ್ನ ಬಿಟ್ಟು ಭಜ್ಜಿ ತಿಂದ್ರೆಲ್ಲ, ನಿಮ್ಮ ಹೊಟ್ಟಿ ನೋಯ್ಲಿ' ಅಂತ ನಗುತ್ತ ಒಂದು ವಾಯ್ಸ್ ಮೆಸೇಜು ಬೇರೆ. ಹೋಳಿಗೆಗೆ ತುಪ್ಪ ಸುರಿಯುವ ಆ ಹಸಿರು ಬಳೆಯ ಕೈ ಯಾರದು, ಅನ್ನಪೂರ್ಣೆಯ ಕೈ ಇದ್ದಂಗೈತಿ ಅಂದೆ. ಕೈಯ ಮಾತು ಆಮೇಲೆ. ಮೊದಲು ಆ ತುಪ್ಪದ ಮಾತು ಕೇಳು. ಅದು ತುಪ್ಪವಲ್ಲ, ಅರಿಸಿನ ಕಲಸಿದ ಗ್ಲಿಸರಿನ್. ಮೊಸರು ಅಂದುಕೊಂಡೆಯಲ್ಲ, ಅದು ಕಾಗದ ಅಂಟಿಸುವ ಬಿಳಿ ಗೋಂದು. ರೊಟ್ಟಿಯ ಮೇಲಿನ ಬೆಣ್ಣೆಯ ಮುದ್ದೆ ವಿಜೇತಾಳ ಗಂಡ ಗಡ್ಡ ಬೋಳಿಸಿಕೊಳ್ಳುವ ನೊರೆ. ಅನ್ನದ ಹಿಂದೆ ಊದುಬತ್ತಿ. ಥೂ!

ನೀನು ಇಲ್ಲಿಂದ ಹೋದಮೇಲೆ ವಿಜೇತಾಳಿಗೆ ತಿಂಗಳಿಗೊಂದು ಹವ್ಯಾಸದ ಹುಚ್ಚು ಹತ್ತಿತು. ರಿಟೈರಾದವರು ಸುಮ್ಮನೆ ಕೂತರೆ ತುಕ್ಕು ಹಿಡಿಯುತ್ತಾರಂತೆ. ಜುಂಬಾ ಮಾಡಿಸಿದಳು, ಸೌಮ್ಯಾಳ ಮೊಣಕಾಲು ಹಿಡಿದುಕೊಂಡಿತು. ಅದೆಂಥದೋ ಅಂಟು ಹುಯ್ದು ತಟ್ಟೆ ಮಾಡಿಸಿದಳು, ನನ್ನ ಅಡುಗೆಕಟ್ಟೆಯ ಮೇಲೆ ಇವತ್ತಿಗೂ ಅದರ ಕಲೆ ಇದೆ. ಆಮೇಲೆ ಚಹಾ ಹುಳಿ ಬರಿಸಿ ಕುಡಿಯುವುದು. ಗಾಜಿನ ಭರಣಿಯಲ್ಲಿ ಚಹಾ ಕೊಳೆತು, ಮೇಲೆ ಲೋಳೆ ಲೋಳೆಯ ಒಂದು ಪದರ ತೇಲುತ್ತದೆ. ಅದನ್ನು 'ತಾಯಿ' ಅನ್ನಬೇಕಂತೆ! ನಮ್ಮವರು ಹಲ್ಲಿ ಬಿದ್ದು ಸತ್ತಿದೆ ಅಂತ ತಿಳಿದು ಇಡೀ ಭರಣಿ ಮೋರಿಗೆ ಸುರಿದರು, ಪುಣ್ಯ ಕಟ್ಟಿಕೊಂಡರು. ಇದೆಲ್ಲ ಅಸಹ್ಯವಾದರೂ ನಗುವಂಥದ್ದು. ಡಿಸೆಂಬರಿನ ಹವ್ಯಾಸ ಊಟದ ಫೋಟೋ ತೆಗೆಯುವುದು.

ಎರಡು ದಿನದ ಕ್ಲಾಸಿಗೆ ಹೋಗಿ ಕಲಿತು ಬಂದಿದ್ದಳು. ಹೋಟೆಲಿನ ಚಿತ್ರಗಳಲ್ಲಿ ಊಟ ಅಷ್ಟು ಹೊಳೆಯುವುದು ಹೇಗೆ ಅಂತ ಅಲ್ಲಿ ಹೇಳಿಕೊಟ್ಟಿದ್ದರಂತೆ. ಎಳ್ಳಮವಾಸ್ಯೆ ಬಂತು, ನಮ್ಮ ಕಡೆಯ ಊಟ ಜೋಡಿಸೋಣ, ಫೋಟೋ ತೆಗೆಯೋಣ ಅಂದಳು. ನಿಜವಾದ ಅಡುಗೆ ಯಾಕೆ ಬೇಕು, ನಾಲ್ಕು ರೊಟ್ಟಿ ಅಂಗಡಿಯಿಂದ ತಂದರಾಯಿತು ಅಂದೆ. ಅಂಗಡಿಯ ರೊಟ್ಟಿ ಚಪ್ಪಟೆ, ಕೈಯಲ್ಲಿ ಬಡಿದ ರೊಟ್ಟಿಯ ಮೇಲೆ ಬೆರಳಿನ ಗುರುತು ಕಾಣಬೇಕು ಅಂದಳು. ಆಗ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು, ಯಾಕೆಂದರೆ ಚಂದ್ರವ್ವ ನಮ್ಮ ಮನೆಗೆ ಬರುವವಳು.

ಚಂದ್ರವ್ವನನ್ನು ನೀನು ನೋಡಿಲ್ಲ. ಸಿಂದಗಿ ಕಡೆಯವಳು, ಜೋಗೇಶ್ವರಿಯ ಚಾಳಿನಲ್ಲಿದ್ದಾಳೆ. ಗಂಡ ಪೂವಪ್ಪ, ಮಗ ಬಸು, ಇಬ್ಬರೂ ಬಿಲ್ಡಿಂಗುಗಳಿಗೆ ಬಣ್ಣ ಹೊಡೆಯುತ್ತಾರೆ. ಎರಡು ವರ್ಷದಿಂದ ನಮ್ಮಲ್ಲಿ ರೊಟ್ಟಿ ಬಡಿಯುತ್ತಾಳೆ. ಸೊಸೆ ಏಳು ತಿಂಗಳ ಬಸುರಿ, ತಾಯಿಯಿಲ್ಲದ ಹುಡುಗಿ. ಬಾಣಂತನವೆಲ್ಲ ಚಂದ್ರವ್ವನೇ ಮಾಡಬೇಕು. ಆ ಹುಡುಗಿಗೆ ಭಜ್ಜಿಯ ಬಯಕೆ ಅಂತ ಒಂದು ತಿಂಗಳಿಂದ ಹೇಳುತ್ತಲೇ ಇದ್ದಳು.

ಈಗ ನನ್ನ ಮೊದಲ ಹೊಲಸು ಕೆಲಸ ಬರೆಯುತ್ತೇನೆ. ಫೋಟೋಕ್ಕೆ ಅಂದರೆ ಚಂದ್ರವ್ವ ನಾಲ್ಕು ರೊಟ್ಟಿ ಬಡಿದು ಎದ್ದು ಹೋಗುತ್ತಿದ್ದಳು. ಅದಕ್ಕೆ ನಾನು, ವಿಜೇತಾಬಾಯಿಯವರ ಮನೆಯಲ್ಲಿ ಭೂಮ್ತಾಯಿಗೆ ಎಡೆ ಮಾಡೋದೈತಿ, ಎಡೆಯ ಅಡುಗೆ ಮಣ್ಣಿಗೆ ಹಾಕಿ ಚರಗ ಚೆಲ್ಲೋದೈತಿ, ನೀನೇ ಬಂದು ಮಾಡಿಕೊಡಬೇಕು ಅಂದೆ. ಅವಳ ಮುಖ ನೋಡಬೇಕಿತ್ತು ನೀನು. 'ಅಯ್ಯ ಅಕ್ಕಾರ, ಈ ಊರಾಗ ಚರಗದ ಹೆಸರ ತಗೊಂಡವ್ರು ನೀವ ಮೊದಲ್ನೇದವ್ರು ನೋಡ್ರಿ' ಅಂದಳು. ಕೂಲಿಯ ಮಾತೆತ್ತಿದರೆ ಕಿವಿ ಮುಚ್ಚಿಕೊಂಡಳು.

ಅಮವಾಸ್ಯೆಯ ಸೋಮವಾರ ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು, ಮೊದಲ ಲೋಕಲ್ ಹಿಡಿದು ಬಂದಳು. ಒಂದು ಗುಟುಕು ಚಹಾ ಮುಟ್ಟಲಿಲ್ಲ. ಎಡೆ ಆಗುವ ತನಕ ಅಡುಗೆ ಮೀಸಲು ಅಲ್ಲವೇ, ಹಾಗಾಗಿ ಉಪ್ಪು ಖಾರ ಕೂಡ ನಾಲಿಗೆಗೆ ಹಚ್ಚಿ ನೋಡಲಿಲ್ಲ. ನೋಡದೆಯೇ ಎಷ್ಟು ಹದವಾಗಿ ಮಾಡಿದಳು! ಆ ಭಜ್ಜಿಯ ವಾಸನೆಗೆ ನನಗೆ ನಮ್ಮ ಅವ್ವ ನೆನಪಾಗಿ ಕಣ್ಣು ತುಂಬಿತು. ವಿಜೇತಾಳ ಹೈಫೈ ಅಡುಗೆಮನೆಯಲ್ಲಿ ನೆಲಕ್ಕೆ ಕೂತು ಬಡಿಯುತ್ತಿದ್ದಳು. ಬಾಗಿಲು ಮುಚ್ಚಿಕೊಂಡು ನಾವು ಹಾಲ್‌ನಲ್ಲಿ ನಮ್ಮ ಆಟ ಶುರು ಮಾಡಿದೆವು.

ನೊರೆ, ಗೋಂದು, ಊದುಬತ್ತಿ. ಕಡೆಗೆ ಭಜ್ಜಿಯೂ ಹೋಳಿಗೆಯೂ ಒಣಗಿದಂತೆ ಕಾಣುತ್ತಿವೆ ಅಂತ, ಕೂದಲು ನಿಲ್ಲಿಸಲು ಹೊಡೆದುಕೊಳ್ಳುವ ಸ್ಪ್ರೇ ತಂದಿಟ್ಟಳು ವಿಜೇತಾ. ನಮ್ಮಲ್ಲೇ ಒಬ್ಬಳು ಆ ಡಬ್ಬಿ ಹಿಡಿದು ಎಲೆಯ ತುಂಬ ಸಿಂಪಡಿಸಿದಳು. ಎಲ್ಲ ಫಳಫಳ ಹೊಳೆಯಿತು. ನಾವು ಚಪ್ಪಾಳೆ ತಟ್ಟಿದೆವು. ನಲವತ್ತು ಫೋಟೋ ತೆಗೆದು, ಅಡುಗೆ ಬಿಟ್ಟು ಪಿಜ್ಜಾ ತರಿಸಿದೆವು. ಮೀಸಲು ಅಡುಗೆಯ ಪಕ್ಕದಲ್ಲಿ ಕೂತು ಪಿಜ್ಜಾ ತಿಂದ ಹೆಂಗಸರು ನಾವು, ದಾನೇಶ್ವರಿ. ಛೀ.

ಅಷ್ಟರಲ್ಲಿ ಚಂದ್ರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನೊರೆ ಮೆತ್ತಿದ ರೊಟ್ಟಿ, ಗೋಂದಿನ ಬಟ್ಟಲು ತೆಗೆದಾಗಿತ್ತು, ಊದುಬತ್ತಿ ಮಾತ್ರ ಉರಿಯುತ್ತಿತ್ತು. ಅವಳು ಎಲೆಯ ಮುಂದೆ ಬಗ್ಗಿ ಕೈ ಮುಗಿದು, 'ಎಡಿ ಆತೇನ್ರಿ?' ಅಂದಳು. ಸೌಮ್ಯಾ ನಗು ತಡೆಯಲಾರದೆ ಬಾಲ್ಕನಿಗೆ ಓಡಿದಳು. ವಿಜೇತಾ, 'ಹಾಂ ಹಾಂ, ಹೋ ಗಯಾ. ಎಲ್ಲಾ ನೀನೇ ಒಯ್ಯವಾ, ವೇಸ್ಟ್ ಯಾಕೆ' ಅಂದಳು. ಚಂದ್ರವ್ವ ಎಲ್ಲವನ್ನೂ ಡಬ್ಬಿಗೆ ತುಂಬಿಕೊಂಡಳು. ಸೊಸೆಯ ಬಯಕೆ ತೀರುತ್ತದೆ, ಎಡೆಯ ಪ್ರಸಾದದಿಂದಲೇ ತೀರುತ್ತದೆ ಅಂತ ಅವಳಿಗೆ ಹಿಗ್ಗು. ನಾನು ಬಾಯಿ ತೆರೆದೆ. ವಿಜೇತಾ ನನ್ನ ಕಾಲು ತುಳಿದಳು. ನಾನು ಬಾಯಿ ಮುಚ್ಚಿದೆ. ಬೇಡ, ತಿನ್ನಬೇಡ ಅಂದರೆ ಯಾಕೆ ಅನ್ನುತ್ತಾಳೆ, ಯಾಕೆ ಅಂದರೆ ಎಡೆಯ ಸುಳ್ಳು ಹೇಳಬೇಕಾಗುತ್ತದೆ. ಅಷ್ಟು ಸ್ಪ್ರೇ ಗಾಳಿಗೆ ಹಾರಿಹೋಗಿರುತ್ತದೆ ಬಿಡು ಅಂತ ನನಗೆ ನಾನೇ ಹೇಳಿಕೊಂಡೆ. ಲಿಫ್ಟಿನ ಬಾಗಿಲು ಹಿಡಿದು ಅವಳನ್ನು ಕಳಿಸಿದವಳೂ ನಾನೇ.

ಜೋಗೇಶ್ವರಿಯಲ್ಲಿ ರೈಲು ಹಳಿಯ ಪಕ್ಕ ಯಾರೋ ಪಾಲಕ್, ಮೆಂತ್ಯ ಬೆಳೆಯುತ್ತಾರಲ್ಲ, ಆ ತುಂಡು ಭೂಮಿಗೆ ಹೋಗಿ ಚರಗ ಚೆಲ್ಲಿದಳಂತೆ. ಆಮೇಲೆ ಮೊದಲ ತುತ್ತು ಸೊಸೆಗೆ. ಆ ಹುಡುಗಿ, ಅತ್ತೀ, ಭಜ್ಜಿ ಅತ್ತರ ವಾಸ್ನಿ ಬರ್ತೈತಿ ಅಂದಳಂತೆ. ಅದಕ್ಕೆ ಚಂದ್ರವ್ವ, ದೊಡ್ಡ ಮಂದಿ ಮನಿ ಎಡಿ, ಅತ್ತರ ಹಾಕ್ಯಾರು, ಪ್ರಸಾದ ಬಿಡಬಾರ್ದು ತಿನ್ನವಾ ಅಂತ ಎರಡೆರಡು ಸಲ ಬಡಿಸಿದಳಂತೆ. ಸಂಜೆಗೆ ವಾಂತಿ ಶುರುವಾಯಿತು. ಮೂರು ದಿನ ಆಸ್ಪತ್ರೆ, ಸಲೈನು. ಪೂವಪ್ಪನಿಗೂ ಹೊಟ್ಟೆ ಕೆಟ್ಟಿತು. ಕೂಸಿಗೆ ಏನೂ ಆಗಿಲ್ಲ ಅಂತ ಡಾಕ್ಟರು ಹೇಳಿದ್ದಾರೆ, ಅದೊಂದೇ ನನ್ನ ಪುಣ್ಯ. ಹೊರಗಿನದು ಏನು ತಿಂದಿದ್ದಾಳೆ ಅಂತ ಅವರು ಕೇಳಿದರೆ, ಚಂದ್ರವ್ವ ಆಣೆ ಮಾಡಿ, ಹೊರಗಿಂದಲ್ರಿ, ಎಲ್ಲಾ ನನ್ನ ಕೈಲೇ ಮಾಡಿದ್ದು ಅಂದಳಂತೆ.

ಅಲ್ಲಿಂದ ಶುರು ನೋಡು. ಬಸು ತಾಯಿಗೆ, ಇನ್ನು ಮ್ಯಾಲ ನೀ ಒಲಿ ಮುಂದ ಕುಂಡ್ರಬ್ಯಾಡ ಅಂದನಂತೆ. ಸೊಸೆ ಅವಳ ಕೈಯಿಂದ ನೀರೂ ಕುಡಿಯುತ್ತಿಲ್ಲ. ನಮ್ಮಲ್ಲಿಗೆ ಬಂದರೂ ಹಿಟ್ಟು ಮುಟ್ಟುತ್ತಿಲ್ಲ, ಬರೀ ಪಾತ್ರೆ ತೊಳೆದು ಹೋಗುತ್ತಾಳೆ. ನಿನ್ನೆ ನನ್ನೆದುರು ಎರಡೂ ಅಂಗೈ ಚಾಚಿ, 'ನನ್ನ ಕೈಯಾಗ ಏನೋ ಕೆಟ್ಟದ್ದು ಹೊಕ್ಕೈತ್ರೀ ಅಕ್ಕಾರ. ಐತಾರ ಊರಿಗೆ ಹೋಗ್ತೇನಿ. ಬಾಣಂತಿಗೆ ಇಂಥಾ ಕೈ ಬ್ಯಾಡ' ಅಂದಳು. ನಾನು ಏನು ಮಾಡಿದೆ ಗೊತ್ತೇ? ಹಂಗೆಲ್ಲಾ ತಿಳ್ಕೋಬ್ಯಾಡ ಅಂತ ಬೆನ್ನು ಸವರಿ, ಒಂದು ಡಜನ್ ಬಾಳೆಹಣ್ಣು ಕೊಟ್ಟು ಕಳಿಸಿದೆ.

ವಿಜೇತಾಳಿಗೆ ಫೋನು ಮಾಡಿ ಹೇಳಿದರೆ, ಗಲ್ಲಿಯ ನೀರಿಂದ ಆಗಿರುತ್ತದೆ, ಅವರದು ಯಾವಾಗಲೂ ಇದ್ದದ್ದೇ ಅಂದಳು. ಅದೇ ಉಸಿರಿನಲ್ಲಿ, ಸಂಕ್ರಾಂತಿಗೆ ಕಪ್ಪು ಸೀರೆ ಉಟ್ಟು ಕುಸುರೆಳ್ಳಿನ ಫೋಟೋ ತೆಗೆಯೋಣ, ನಿನ್ನ ಕೆಲಸದ ಬಾಯಿಗೆ ಎಳ್ಳು ಹಚ್ಚಿದ ರೊಟ್ಟಿ ಬಡಿಯಲು ಹೇಳು ಅಂತಲೂ ಅಂದಳು. ಫೋನು ಇಟ್ಟು, ಗುಂಪಿನಿಂದ ಹೊರಗೆ ಬಂದೆ. ನೀನು 'ಯಾಕವಾ ಲೆಫ್ಟ್ ಆದಿ' ಅಂತ ಕೇಳಿದೆಯಲ್ಲ, ಇದೇ ಕಾರಣ. ಆದರೆ ಗುಂಪು ಬಿಟ್ಟ ಮಾತ್ರಕ್ಕೆ ನಾನೇನು ಗರತಿಯಾಗಲಿಲ್ಲ. ವಿಜೇತಾಳಿಗೆ ಎಡೆ ಅಂದರೇನು, ಚರಗ ಅಂದರೇನು ಗೊತ್ತಿಲ್ಲ, ಈ ಊರಲ್ಲೇ ಹುಟ್ಟಿ ಬೆಳೆದವಳು. ನನಗೆ ಗೊತ್ತಿತ್ತು. ಹೊಲದಲ್ಲಿ ಅವ್ವನ ಹಿಂದೆ ಬುಟ್ಟಿ ಹೊತ್ತು ಓಡಿದವಳು ನಾನು.

ಹನ್ನೊಂದಕ್ಕೆ ಚಂದ್ರವ್ವ ಬರುತ್ತಾಳೆ. ನಮ್ಮವರನ್ನು ಹೊರಗೆ ಕಳಿಸಿದ್ದೇನೆ. ಇವತ್ತು ಹೇಳದಿದ್ದರೆ ಅವಳು ಆ ಪಾಪವನ್ನು ತನ್ನ ಕೈಯಲ್ಲೇ ಹಿಡಿದುಕೊಂಡು ಊರಿಗೆ ಹೋಗುತ್ತಾಳೆ. ಹೇಳಿದ ಮೇಲೆ ಕೆಳಗೆ ನಾಲ್ಕು ಸಾಲು ಬರೆದು ಪೋಸ್ಟಿಗೆ ಹಾಕುತ್ತೇನೆ. ಹೇಳಲಾಗದಿದ್ದರೆ ಈ ಪತ್ರ ನಿನ್ನ ಕೈ ಸೇರುವುದಿಲ್ಲ.

ನಿನ್ನ ಗೆಳತಿ ಅನ್ನಿಸಿಕೊಳ್ಳಲು ನಾಚುತ್ತಿರುವ
ಮಹಾದೇವಿ

ತಾ.ಕ.: ಹೇಳಿದೆ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಪೂರ್ತಿ ಕೇಳಿದಳು. ಆ ಎಣ್ಣೀನೋ ಔಷಧಾನೋ ಹೊಡದವ್ರು ಯಾರ್ರಿ ಅಂದಳು. ನಾನೇ ಅಂದೆ. ಒದ್ದೆ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು, 'ಹಂಗಾರ ನನ್ನ ಕೈಯಾಗ ಏನೂ ಇಲ್ಲಲ್ರಿ?' ಅಂತ ಅಷ್ಟೇ ಕೇಳಿದಳು. ಇಲ್ಲ ಅಂದೆ. ಸೆರಗಿನ ಗಂಟಿನಿಂದ ಫೋನು ತೆಗೆದು ಮಗನಿಗೆ ಹಚ್ಚಿ, 'ಇದನ್ನ ಅವಗ ನೀವ ಹೇಳ್ರಿ' ಅಂತ ನನ್ನ ಕೈಗೆ ಕೊಟ್ಟಳು. ಹೇಳಿದೆ. ಬಸು ಬೈದದ್ದನ್ನು ಇಲ್ಲಿ ಬರೆಯಲಾರೆ, ಬೈದದ್ದು ತಪ್ಪೂ ಅಲ್ಲ. ಚಂದ್ರವ್ವ ಫೋನು ಇಸಿದುಕೊಂಡು, ನಿನ್ನೆಯ ಬಾಳೆಹಣ್ಣನ್ನು ಚೀಲದಿಂದ ತೆಗೆದು ಕಟ್ಟೆಯ ಮೇಲಿಟ್ಟಳು. ಒಂದೂ ಮುರಿದಿರಲಿಲ್ಲ. ಹೋಗಿಬರ್ತೀನಿ ಅನ್ನದೇ ಹೋದಳು.

ಆ ಫೋಟೋದಲ್ಲಿನ ಕೈ ಯಾರದು ಅಂತ ಕೇಳಿದ್ದೆಯಲ್ಲ. ಆ ಹಸಿರು ಬಳೆಗಳು ನೀನು ಧಾರವಾಡಕ್ಕೆ ಹೊರಡುವ ದಿನ ದಾದರಿಗೆ ಕರೆದುಕೊಂಡು ಹೋಗಿ ನನಗೆ ಇಡಿಸಿದವು, ದಾನೇಶ್ವರಿ. ನಿನಗೆ ಗುರುತೇ ಸಿಗಲಿಲ್ಲ.