ಪ್ರಾರ್ಥನೆಯಲ್ಲಿ ನನ್ನ ಓಟು

ಮಂಗಳವಾರ, ಮಾರ್ಚ್ ೧೧

ಛೀ! ಎರಡು ಸಲ ಹಲ್ಲುಜ್ಜಿದರೂ ಬಾಯಿಂದ ಆ ಮಾತು ಹೋಗ್ತಿಲ್ಲ.

ಬೆಳಿಗ್ಗೆ ರಾಜ್ಯಶಾಸ್ತ್ರದ ಕ್ಲಾಸಿನಲ್ಲಿ ಗುಪ್ತ ಮತದಾನದ ಪಾಠ. "ಧಣಿ ಎದುರಿಗೇ ಕೂತಿದ್ದರೆ ಆಳು ಹೇಗೆ ಕೈ ಎತ್ತಿಯಾನು?" ಅಂದರು ಮೇಷ್ಟ್ರು. ಸಂಜೆ ನಮ್ಮ ಕ್ರೈಸ್ತ ವಿದ್ಯಾರ್ಥಿ ಸಂಘ ಸೇರಿದ್ದು, ಅದೇ ಮೇಷ್ಟ್ರನ್ನು ಕಿತ್ತುಹಾಕಿ ಅಂತ ವಿಶ್ವವಿದ್ಯಾಲಯ ನಡೆಸೋ ಪಾದ್ರಿಗಳ ಮಂಡಳಿಗೆ ಬರೆಯೋದಕ್ಕೆ. ಚರ್ಚು ನಡೆಸಿದ ಹಳೇ ಯುದ್ಧಗಳ ಚರಿತ್ರೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದ್ದೇ ಅವರ ತಪ್ಪಂತೆ. ಚೀಟಿ ಹಾಕಿದೆವು. ಬೇಡ ಅಂದಿದ್ದು ಒಂದೇ ಚೀಟಿ, ನನ್ನದು. ಅದನ್ನು ನಾನು ಹೇಳಿದ್ದು ರೂಮ್‌ಮೇಟ್ ಒಬ್ಬಳಿಗೇ.

ಸಭೆಯ ಕೊನೆಯ ಪ್ರಾರ್ಥನೆ ಮಾಡಿದ್ದು ಅವಳೇ. ಜೇನು ಸುರಿಯೋ ದನಿ. "ಕರ್ತನೇ, ನನ್ನ ಜೊತೆ ಒಂದೇ ರೂಮಿನಲ್ಲಿರೋ ಸಹೋದರಿ ಇವತ್ತು ದಾರಿ ತಪ್ಪಿದಳು. ಅವಳ ಮನಸ್ಸು ತಿರುಗಿಸಪ್ಪಾ."

ಥೂ, ಚಾಡಿ ಹೇಳೋಕೆ ದೇವರ ಕಿವಿಯೇ ಬೇಕಿತ್ತಾ ಇವಳಿಗೆ! ಮೆಲ್ಲಗೆ ಕಣ್ಣು ಬಿಟ್ಟೆ. ಕೈ ಮುಗಿದ ಒಬ್ಬರೂ ಕಣ್ಣು ಮುಚ್ಚಿರಲಿಲ್ಲ. ಎಲ್ಲರೂ ನನ್ನನ್ನೇ ನೋಡ್ತಿದ್ದರು.

ಈಗ ಪಕ್ಕದ ಮಂಚದಲ್ಲಿ ನೆಮ್ಮದಿಯಾಗಿ ಗೊರಕೆ ಹೊಡೀತಿದ್ದಾಳೆ. ಮನಸಾರೆ ಬೈಯೋಣ ಅಂದರೆ ಅದೂ ಆಗ್ತಿಲ್ಲ. ಅವಳು ಮುಗಿಸಿದಾಗ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವಳು ನಾನೇ.