ಓಡೆಲ್ ಎದ್ದು ನಿಂತದ್ದು

ಕರ್ನಿ, ನೆಬ್ರಾಸ್ಕಾ

ಪ್ರೀತಿಯ ತಮ್ಮ ಮರ್ಲ್‌ಗೆ,

ಮೊಣಕಾಲು ನೋವಿನಿಂದ ನಾನೇ ಬರಲಾಗದೆ ಬರೆಯುತ್ತಿದ್ದೇನೆ. ಇಪ್ಪತ್ತೆಂಟು ವರ್ಷ ದಿವಾಳಿ ನ್ಯಾಯಾಲಯದ ಜಡ್ಜ್ ಆಗಿ ದಣಿದಿದ್ದೀಯ, ನಿಜ. ಆದರೆ ನಿವೃತ್ತನಾದ ಮೇಲೆ ಕಾಫಿ ಅಂಗಡಿಗೆ ಹೋದಾಗ ಕ್ಷೌರಿಕ ಓಡೆಲ್ ಎದ್ದು ನಿಂತನೆಂದು ಮನೆ ಸೇರಿದವನು ಮೂರು ತಿಂಗಳಿಂದ ಹೊರಗೇ ಬಂದಿಲ್ಲ. ಅಣಕಿಸಿದನೆಂದುಕೊಂಡೆಯಾ?

ಮೊನ್ನೆ ನಮ್ಮ ಮನೆ ಕಡೆ ಬಂದಾಗ ಅವನನ್ನೇ ಕೇಳಿದೆ.

"ಅಯ್ಯೋ ಲಿಯೋಟಕ್ಕಾ, ಕೋರ್ಟಲ್ಲಿ ಜಡ್ಜ್ ಬಂದ್ರೆ ಏಳ್ಬೇಕಲ್ವಾ? ಕಾಲು ತಾನಾಗೇ ಎದ್ಬಿಡ್ತು! ದಿವಾಳಿಯಾಗಿ ನನ್ನಂಗಡಿ ಕೈಬಿಟ್ಟು ಹೋದ ದಿನ, ಕತ್ತರಿ, ಕುರ್ಚಿ ನಿಂಗೇ ಇರ್ಲಿ ಅಂದೋರು ಅವ್ರು. ಆ ಕುರ್ಚೀಲಿ ಅವ್ರೇ ಒಂದಿನಾನೂ ಬಂದು ಕೂತಿಲ್ಲ ನೋಡಿ," ಅಂದ.

ನಿನ್ನ ತಲೆಗೂದಲು ಕಾಡಾಗಿದೆಯೆಂದು ಟಪಾಲಿನವನೂ ನಕ್ಕ. ಮಂಗಳವಾರ ಓಡೆಲ್ ಹತ್ತಿರ ಹೋಗು. ಅವನು ಹೇಗೂ ನಿಂತೇ ಕೆಲಸ ಮಾಡುವವನು. ನೀನು ಕೂತುಕೋ.

ನಿನ್ನ ಅಕ್ಕ,
ಲಿಯೋಟಾ